ಕಣಜ ಮತ್ತು ಲೇಖಣಿ: ಪ್ರಾಚೀನ ಈಜಿಪ್ಟಿನ ಜನ, ಅಧಿಕಾರ, ಲೆಕ್ಕ

ದತ್ತಿ ಉಪನ್ಯಾಸವೊಂದು ದತ್ತಿಯ ಮಾತಿನಿಂದಲೇ ಆರಂಭವಾಗುವುದು ಸೂಕ್ತ. ಮಧ್ಯ ಈಜಿಪ್ಟಿನ ಅಸ್ಯೂತ್ ಪಟ್ಟಣದ ಬೆನ್ನಿಗಿರುವ ಸುಣ್ಣಕಲ್ಲಿನ ಬೆಟ್ಟದಲ್ಲಿ ಜೆಫಾಯ್‌ಹಾಪಿ ಎಂಬ ಪ್ರಾಂತಾಧಿಕಾರಿಯ ಗೋರಿಯಿದೆ. ಅವನು ಒಂದನೆಯ ಸೆನುಸ್ರೆತ್ ದೊರೆಯ ಕಾಲದವನು, ಅಂದರೆ ಇಂದಿಗೆ ಸುಮಾರು 3,900 ವರ್ಷಗಳ ಹಿಂದಿನವನು. ಗೋರಿಯ ಗೋಡೆಯ ಮೇಲೆ ಅವನು ಹತ್ತು ಕರಾರುಗಳನ್ನು ಕೆತ್ತಿಸಿದ್ದಾನೆ. ತಾನು ಸತ್ತ ಮೇಲೆ ತನ್ನ ಪ್ರತಿಮೆಯ ಮುಂದೆ ಯಾವ ಹಬ್ಬಕ್ಕೆ ಎಷ್ಟು ರೊಟ್ಟಿ, ಎಷ್ಟು ಬಿಯರ್ ಇಡಬೇಕು, ಹೊಸ ವರ್ಷದ ಹಿಂದಿನ ರಾತ್ರಿ ದೀಪಕ್ಕೆ ಬತ್ತಿಯನ್ನು ಯಾರು ಕೊಡಬೇಕು, ಅದಕ್ಕೆ ಪ್ರತಿಯಾಗಿ ದೇವಾಲಯದ ಅರ್ಚಕರಿಗೆ ಏನು ಸಲ್ಲಬೇಕು ಎಂಬುದೆಲ್ಲ ಅಲ್ಲಿ ವಿವರವಾಗಿದೆ. ‘ದೇವಾಲಯದ ಒಂದು ದಿನ’ ಎಂದರೆ ವರ್ಷದ ಉತ್ಪತ್ತಿಯ 360ರಲ್ಲಿ ಒಂದು ಪಾಲು ಎಂಬ ವ್ಯಾಖ್ಯೆಯೂ ಇದೆ. ನಂದಾದೀವಿಗೆಗೆ ಎಣ್ಣೆ ಬಿಟ್ಟ ಶಾಸನಗಳನ್ನು ಓದಿರುವ ಕನ್ನಡಿಗರಿಗೆ ಈ ಬರಹದ ಧಾಟಿ ಹೊಸದೆನಿಸದು.

ಈ ಕರಾರುಗಳಲ್ಲಿ ಒಂದು ಎಚ್ಚರ ಮತ್ತೆ ಮತ್ತೆ ಕಾಣುತ್ತದೆ. ಇಂಥ ಭೂಮಿ ತನ್ನ ‘ತಂದೆಯ ಮನೆ’ಯದು, ಇಂಥದ್ದು ‘ಅಧಿಕಾರಿಯ ಮನೆ’ಯದು ಎಂದು ಜೆಫಾಯ್‌ಹಾಪಿ ಬೇರ್ಪಡಿಸಿ ಹೇಳುತ್ತಾನೆ. ಪಿತ್ರಾರ್ಜಿತ ಆಸ್ತಿ ಅವನದು. ಹುದ್ದೆಯ ಜೊತೆಗೆ ಬಂದ ಆಸ್ತಿ ಹುದ್ದೆಗೆ ಸೇರಿದ್ದು, ನಾಳೆ ಆ ಪೀಠದಲ್ಲಿ ಕೂರುವವನ ಕೈಗೆ ಹೋಗುವಂಥದ್ದು. ಅಧಿಕಾರ ಬೇರೆ, ಅಧಿಕಾರಿ ಬೇರೆ ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಕಲ್ಲಿನ ಮೇಲೆ ಬರೆಯುವಷ್ಟು ಸ್ಪಷ್ಟವಾಗಿತ್ತು.

ಪ್ರಾಚೀನ ಈಜಿಪ್ಟಿನ ಸಮಾಜವನ್ನು ಹಿಡಿದು ನಿಲ್ಲಿಸಿದ್ದು ಧಾನ್ಯದ ಕಣಜ ಮತ್ತು ಆ ಕಣಜದ ಲೆಕ್ಕ ಬರೆದ ಲೇಖಣಿ ಎಂಬುದು ಈ ಉಪನ್ಯಾಸದ ವಾದ. ಫೇರೋನ ದೈವತ್ವ, ದೇವಾಲಯಗಳ ವೈಭವ, ಸೈನ್ಯದ ಬಲ ಎಲ್ಲವೂ ಈ ಎರಡರ ಮೇಲೆ ನಿಂತಿದ್ದವು. ಕಣಜದ ಧಾನ್ಯ ಕಟ್ಟಕಡೆಯ ಕೆಲಸಗಾರನ ಮನೆಗೆ ತಲುಪಿದಷ್ಟು ಕಾಲ ವ್ಯವಸ್ಥೆ ನಡೆಯಿತು. ತಲುಪದಿದ್ದಾಗ ಏನಾಯಿತು ಎಂಬುದಕ್ಕೂ ಅದೇ ಲೇಖಣಿಯ ಬರಹ ಸಾಕ್ಷಿಯಾಗಿದೆ.

ತ್ರಿಕೋನದ ಚಿತ್ರ

ಶಾಲೆಯ ಪುಸ್ತಕಗಳಲ್ಲಿ ಈಜಿಪ್ಟಿನ ಸಮಾಜವನ್ನು ತ್ರಿಕೋನವಾಗಿ ಬರೆದು ತೋರಿಸುವುದು ವಾಡಿಕೆ. ತುದಿಯಲ್ಲಿ ಫೇರೋ, ಅವನ ಕೆಳಗೆ ವಜೀರ, ಅರ್ಚಕರು, ಅಧಿಕಾರಿಗಳು, ಮತ್ತೆ ಲಿಪಿಕಾರರು, ಸೈನಿಕರು, ಕುಶಲಕರ್ಮಿಗಳು, ತಳದಲ್ಲಿ ರೈತರು, ಗುಲಾಮರು. ಚಿತ್ರ ಸುಳ್ಳೇನಲ್ಲ. ಆದರೆ ಆ ಗೆರೆಗಳ ನಡುವೆ ಏನು ಹರಿಯುತ್ತಿತ್ತು, ಯಾರು ಯಾರಿಗೆ ಜವಾಬು ಹೇಳಬೇಕಿತ್ತು, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರಲು ದಾರಿಯಿತ್ತೇ ಎಂಬುದನ್ನು ಅದು ಹೇಳುವುದಿಲ್ಲ.

ಹರಿಯುತ್ತಿದ್ದದ್ದು ಧಾನ್ಯ. ಫೇರೋಗಳ ಈಜಿಪ್ಟ್ ತನ್ನ ಇತಿಹಾಸದ ಬಹುಪಾಲು ಕಾಲ ನಾಣ್ಯವಿಲ್ಲದೆ ಬದುಕಿತು. ತೆರಿಗೆಯೂ ಸಂಬಳವೂ ಧಾನ್ಯದಲ್ಲೇ. ಎಮ್ಮರ್ ಗೋಧಿಯಿಂದ ರೊಟ್ಟಿ, ಬಾರ್ಲಿಯಿಂದ ಬಿಯರ್. ಇವೆರಡೇ ಊಟ, ಇವೆರಡೇ ಪಗಾರ. ನೈಲ್ ನದಿಯ ನೆರೆ ಪ್ರತಿ ಬೇಸಿಗೆಯಲ್ಲಿ ಎಷ್ಟು ಮೊಳ ಏರಿತು ಎಂಬುದನ್ನು ಮೊದಲ ರಾಜವಂಶಗಳ ಕಾಲದಿಂದಲೇ ದಾಖಲಿಸುತ್ತಿದ್ದರು. ಆ ಅಳತೆಗಳು ಇಂದು ಪಾಲೆರ್ಮೊ ಶಿಲೆ ಎಂದು ಕರೆಯುವ ಕಲ್ಲಿನ ಮೇಲೆ ಉಳಿದಿವೆ. ನೆರೆಯ ಎತ್ತರ ತಿಳಿದರೆ ಬೆಳೆಯ ಅಂದಾಜು, ಬೆಳೆಯ ಅಂದಾಜು ಸಿಕ್ಕರೆ ಕಂದಾಯದ ಲೆಕ್ಕ. ದೇಶವನ್ನು ಮೇಲ್ ಈಜಿಪ್ಟಿನಲ್ಲಿ 22, ಕೆಳ ಈಜಿಪ್ಟಿನಲ್ಲಿ 20, ಒಟ್ಟು 42 ಪ್ರಾಂತಗಳಾಗಿ ವಿಂಗಡಿಸಿದ್ದಕ್ಕೂ ಈ ಲೆಕ್ಕಕ್ಕೂ ನೇರ ಸಂಬಂಧವಿದೆ.

ಇಷ್ಟೆಲ್ಲ ತಿಳಿಯಲು ಸಾಧ್ಯವಾದದ್ದು ಅಲ್ಲಿನ ಒಣ ಮರಳಿನಿಂದ. ಬೇರೆ ನಾಡುಗಳಲ್ಲಿ ಕೊಳೆತು ಹೋಗುತ್ತಿದ್ದ ಪಪೈರಸ್ ಹಾಳೆಗಳು ಅಲ್ಲಿ ಉಳಿದುಕೊಂಡವು. ಕನ್ನಡದ ಮಾತುಗಳಿವೆ ಎಂದು 1904ರಲ್ಲಿ ವಿದ್ವಾಂಸ ಹುಲ್ಟ್ಸ್ ವಾದಿಸಿದ, ಮುಂದೆ ಗೋವಿಂದ ಪೈಗಳು ಚರ್ಚಿಸಿದ ಗ್ರೀಕ್ ಪ್ರಹಸನದ ಹಾಳೆ ಸಿಕ್ಕಿದ್ದೂ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳಲ್ಲೇ. ಅದು ರೋಮನ್ ಆಳ್ವಿಕೆಯ ಕಾಲದ್ದು. ಈ ಉಪನ್ಯಾಸದ ವಸ್ತು ಅದಕ್ಕಿಂತ ಸಾವಿರ, ಎರಡು ಸಾವಿರ ವರ್ಷ ಹಿಂದಿನದು.

ವಜೀರನ ಪೀಠ

ಫೇರೋನ ಮುಖ್ಯ ಕೆಲಸ ‘ಮಾತ್’ ಅನ್ನು ಕಾಪಾಡುವುದು. ಸತ್ಯ, ನ್ಯಾಯ, ಲೋಕದ ಸುವ್ಯವಸ್ಥೆ ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿದ್ದವು. ದಿನನಿತ್ಯದ ಆಡಳಿತ ಮಾತ್ರ ವಜೀರನ ಹೆಗಲ ಮೇಲಿತ್ತು. ಹೊಸ ಸಾಮ್ರಾಜ್ಯದ ಕಾಲದಲ್ಲಿ ಥೀಬ್ಸ್‌ನಲ್ಲಿ ಒಬ್ಬ, ಮೆಂಫಿಸ್‌ನಲ್ಲಿ ಒಬ್ಬ, ಹೀಗೆ ಇಬ್ಬರು ವಜೀರರಿದ್ದರು. ಕಣಜಗಳ ಮೇಲ್ವಿಚಾರಕ, ಖಜಾನೆಯ ಅಧಿಕಾರಿ, ಊರುಗಳ ಮುಖ್ಯಸ್ಥರು ಅವರಿಗೆ ವರದಿ ಒಪ್ಪಿಸುತ್ತಿದ್ದರು. ದಕ್ಷಿಣದ ನೂಬಿಯಾವನ್ನು ‘ಕುಶ್‌ನ ರಾಜಪುತ್ರ’ ಎಂಬ ಬಿರುದಿನ ಪ್ರತಿನಿಧಿಯೊಬ್ಬ ನೋಡಿಕೊಳ್ಳುತ್ತಿದ್ದ. ಬಿರುದು ಹಾಗಿದ್ದರೂ ಅವನು ರಾಜನ ಮಗನಾಗಿರಬೇಕೆಂದಿರಲಿಲ್ಲ.

ಮೂರನೆಯ ಥುಟ್ಮೋಸ್‌ನ ವಜೀರನಾಗಿದ್ದ ರೆಖ್ಮಿರೆಯ ಗೋರಿ ಇಂದಿನ ಲಕ್ಸರ್‌ನ ಪಶ್ಚಿಮ ದಂಡೆಯಲ್ಲಿದೆ. ವಜೀರನ ಕರ್ತವ್ಯಗಳ ಪಟ್ಟಿ ಅದರ ಗೋಡೆಗಳ ಮೇಲಿದೆ. ಬೆಳಿಗ್ಗೆ ಖಜಾನೆಯ ಅಧಿಕಾರಿಯನ್ನು ಭೇಟಿಯಾಗಿ ಎಲ್ಲ ಸುಸ್ಥಿತಿಯಲ್ಲಿದೆಯೇ ಎಂದು ಪರಸ್ಪರ ವರದಿ ಮಾಡಿಕೊಳ್ಳಬೇಕು. ಹೊಲದ ತಕರಾರು ಬಂದರೆ, ಭೂಮಿ ರಾಜಧಾನಿಯ ಹತ್ತಿರವಿದ್ದರೆ ಮೂರು ದಿನ, ದೂರದ ಪ್ರಾಂತದಲ್ಲಿದ್ದರೆ ಎರಡು ತಿಂಗಳ ಅವಧಿ. ದೂರಕ್ಕೆ ತಕ್ಕಂತೆ ಗಡುವು ಗೊತ್ತುಮಾಡಿದ ಈ ಒಂದು ನಿಯಮವೇ ಸಾಕು, ಅದನ್ನು ಬರೆದವರು ಆಡಳಿತವನ್ನು ನಡೆಸಿ ಬಲ್ಲವರು ಎಂದು ತಿಳಿಯಲು.

ಅದೇ ಗೋಡೆಯ ಮೇಲೆ ಅಧಿಕಾರ ಸ್ವೀಕಾರದ ದಿನ ದೊರೆ ಹೇಳಿದ ಬುದ್ಧಿಮಾತೂ ಇದೆ. ಈ ಹುದ್ದೆ ಸಿಹಿಯಲ್ಲ, ಕಹಿಯಾದದ್ದು. ಪರಿಚಿತನನ್ನೂ ಅಪರಿಚಿತನನ್ನೂ ಒಂದೇ ಕಣ್ಣಿನಿಂದ ನೋಡಬೇಕು ಎಂಬುದು ಅದರ ಸಾರ. ಹಿಂದೊಮ್ಮೆ ಖೇತಿ ಎಂಬ ವಜೀರನಿದ್ದನಂತೆ. ಪಕ್ಷಪಾತಿ ಎಂಬ ಮಾತು ಬಂದೀತೆಂಬ ಭಯಕ್ಕೆ ಅವನು ತನ್ನ ಬಂಧುಗಳ ವಿರುದ್ಧವೇ ತೀರ್ಪು ಕೊಡುತ್ತಿದ್ದನಂತೆ. ಅದನ್ನೂ ಅನುಸರಿಸಬೇಡ, ಅದು ನ್ಯಾಯವನ್ನು ಮೀರಿದ್ದು ಎಂದು ದೊರೆ ಎಚ್ಚರಿಸುತ್ತಾನೆ. ಒಳ್ಳೆಯ ಹೆಸರಿನ ಆಸೆಗೆ ಮಾಡುವ ಅನ್ಯಾಯವೂ ಅನ್ಯಾಯವೇ ಎಂಬ ಈ ಸೂಕ್ಷ್ಮ, 3,400 ವರ್ಷಗಳ ಹಿಂದಿನ ಆಡಳಿತದ ಬರಹದಲ್ಲಿದೆ ಎಂಬುದನ್ನು ಗೌರವದಿಂದ ನೆನೆಯಬೇಕು.

ಬರೆಯಬಲ್ಲವರು

ಹಳೆಯ ಸಾಮ್ರಾಜ್ಯದ ಕಾಲದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಒಬ್ಬರಿದ್ದಾರು ಎಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಧಿಕಾರದ ಬಾಗಿಲು ತೆರೆಯುತ್ತಿದ್ದದ್ದು ಆ ಒಬ್ಬರಿಗೇ. ಖೇತಿ ಎಂಬ ಹೆಸರಿನ ಇನ್ನೊಬ್ಬ ತನ್ನ ಮಗ ಪೆಪಿಯನ್ನು ಶಾಲೆಗೆ ಸೇರಿಸಲು ದೋಣಿಯಲ್ಲಿ ಕರೆದೊಯ್ಯುತ್ತ ಹೇಳಿದ ಉಪದೇಶವೆಂಬ ಕೃತಿಯೊಂದು ಮಧ್ಯ ಸಾಮ್ರಾಜ್ಯದ ಕಾಲದ್ದು. ಕಮ್ಮಾರ, ಕುಂಬಾರ, ನೇಕಾರ, ಅಗಸ, ಮೀನುಗಾರ ಎಲ್ಲರ ಕಷ್ಟವನ್ನೂ ಒಂದೊಂದಾಗಿ ಎಣಿಸಿ, ಲಿಪಿಕಾರನಿಗೆ ಮಾತ್ರ ಮೇಲೆ ಯಜಮಾನನಿಲ್ಲ, ಅವನೇ ಯಜಮಾನ ಎಂದು ಅದು ಸಾರುತ್ತದೆ. ಶತಮಾನಗಳ ಕಾಲ ಮಕ್ಕಳು ಇದನ್ನೇ ನಕಲು ಮಾಡಿ ಅಕ್ಷರ ತಿದ್ದಿದರು. ಬರೆಯಲು ಕಲಿಯುವ ಮೊದಲ ಪಾಠದಲ್ಲೇ ಬೆವರು ಸುರಿಸುವವರ ಬಗ್ಗೆ ತಾತ್ಸಾರವನ್ನೂ ಕಲಿಸಿದ್ದು ಆ ವ್ಯವಸ್ಥೆಯ ದೊಡ್ಡ ದೋಷ.

ಲೇಖಣಿ ಹಿಡಿದು ಮೇಲೇರಿದವರು ಇದ್ದರೇ? ಇದ್ದರು. ಆದರೆ ಅವರ ಕಥೆಗಳನ್ನು ಎಚ್ಚರದಿಂದ ಓದಬೇಕು.

ಆರನೆಯ ರಾಜವಂಶದ ವೇನಿ ಎಂಬ ಅಧಿಕಾರಿಯ ಆತ್ಮಚರಿತ್ರೆಯ ಶಾಸನ ಅಬೈಡೋಸ್‌ನಲ್ಲಿ ಸಿಕ್ಕಿತು. ತೇತಿ, ಒಂದನೆಯ ಪೆಪಿ, ಮೆರೆನ್ರೆ ಎಂಬ ಮೂವರು ದೊರೆಗಳ ಸೇವೆ ಮಾಡಿದವನು ಅವನು. ಸಣ್ಣ ಹುದ್ದೆಯಿಂದ ತೊಡಗಿ, ಅಂತಃಪುರದ ಗುಟ್ಟಿನ ಮೊಕದ್ದಮೆಯನ್ನು ವಿಚಾರಿಸಿ, ದಂಡು ನಡೆಸಿ, ಮೇಲ್ ಈಜಿಪ್ಟಿನ ಆಡಳಿತಗಾರನಾಗಿ, ದಕ್ಷಿಣದಿಂದ ಗ್ರಾನೈಟ್ ತರಲು ಐದು ಕಾಲುವೆ ತೋಡಿಸಿದ್ದನ್ನು ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಸ್ವಂತ ಶಕ್ತಿಯಿಂದ ಮೇಲೆ ಬಂದವನ ಮಾದರಿಯೆಂದು ಅವನನ್ನು ಬಹುಕಾಲ ಉದಾಹರಿಸಲಾಗುತ್ತಿತ್ತು. ಆದರೆ ಅಬೈಡೋಸ್‌ನಲ್ಲಿ ಜಾನೆಟ್ ರಿಚರ್ಡ್ಸ್ ಅವರ ತಂಡ ಉತ್ಖನನ ನಡೆಸಿದಾಗ, ವೇನಿಯ ತಂದೆ ಇಯು ಸ್ವತಃ ವಜೀರನಾಗಿದ್ದ ಎಂಬುದು ಬೆಳಕಿಗೆ ಬಂತು. ಮಗ ತನ್ನ ಚರಿತ್ರೆಯಲ್ಲಿ ಆ ಸಂಗತಿಯನ್ನು ಬರೆಯಲೇ ಇಲ್ಲ.

ಸೆನೆನ್ಮುತ್‌ನ ಕಥೆ ಬೇರೆ. ರಾಣಿಯಾಗಿದ್ದು ಫೇರೋ ಪದವಿಗೇರಿದ ಹತ್‌ಶೆಪ್ಸುತ್‌ಳ ಆಸ್ಥಾನದಲ್ಲಿ ಅವನು ಅಮುನ್ ದೇವರ ಆಸ್ತಿಯ ಮುಖ್ಯ ಮೇಲ್ವಿಚಾರಕನಾಗಿದ್ದ, ರಾಜಕುಮಾರಿ ನೆಫೆರುರೆಯ ಶಿಕ್ಷಕನೂ ಆಗಿದ್ದ. ಅವನ ತಂದೆ ತಾಯಿಯ ಸಮಾಧಿಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ತಂಡ 1936ರಲ್ಲಿ ಥೀಬ್ಸ್‌ನಲ್ಲಿ ತೆರೆಯಿತು. ತಾಯಿ ಹತ್ನೊಫೆರ್‌ಳ ಶವವನ್ನು ವಿಧಿವತ್ತಾಗಿ ಮಮ್ಮಿ ಮಾಡಿ, ಚಿನ್ನದ ತಗಡು ಹೊದಿಸಿದ ಮುಖವಾಡ ತೊಡಿಸಿ, ಬೆಲೆಬಾಳುವ ಸಾಮಗ್ರಿಗಳೊಂದಿಗೆ ಇಟ್ಟಿದ್ದರು. ತಂದೆ ರಮೋಸೆಯದು ಬಟ್ಟೆಯಲ್ಲಿ ಸುತ್ತಿದ ಬರಿಯ ಎಲುಬುಗಳು. ತಂದೆ ಸತ್ತಾಗ ಕುಟುಂಬಕ್ಕೆ ಶಕ್ತಿಯಿರಲಿಲ್ಲ. ಮುಂದೆ ಮಗ ದೊಡ್ಡ ಅಧಿಕಾರಿಯಾದ ಮೇಲೆ ಆ ಎಲುಬುಗಳನ್ನು ತೆಗೆದು ತಂದು ತಾಯಿಯ ಪಕ್ಕ ಇರಿಸಿದ. ಒಂದೇ ಕೋಣೆಯೊಳಗೆ ಒಂದು ಕುಟುಂಬ ಒಂದು ತಲೆಮಾರಿನಲ್ಲಿ ಎಷ್ಟು ದೂರ ಬಂತು ಎಂಬುದು ಕಣ್ಣಿಗೆ ಕಾಣುತ್ತದೆ.

ಹೊಲ ಮತ್ತು ಬಿಟ್ಟಿ

ದೇಶದ ಬಹುಪಾಲು ಜನ ರೈತರು. ಅವರು ಬರೆದಿಟ್ಟದ್ದು ಏನೂ ಇಲ್ಲ. ಅವರನ್ನು ನೋಡಬೇಕಾದರೆ ಅಧಿಕಾರಿಗಳ ಗೋರಿಗಳ ಚಿತ್ರಗಳಲ್ಲೇ ನೋಡಬೇಕು. ಥೀಬ್ಸ್‌ನಲ್ಲಿ ಮೆನ್ನಾ ಎಂಬ ಹೊಲಗಳ ಲಿಪಿಕಾರನ ಗೋರಿಯಿದೆ. ಗಂಟು ಹಾಕಿದ ಹಗ್ಗ ಹಿಡಿದು ನಿಂತ ಬೆಳೆಯನ್ನು ಅಳೆಯುವವರು, ಪಕ್ಕದಲ್ಲೇ ಅಂಕಿ ಬರೆದುಕೊಳ್ಳುವ ಲಿಪಿಕಾರರು, ರಾಶಿಯನ್ನು ಮರದ ಕೊಳಗದಲ್ಲಿ ಅಳೆಯುವವರು, ಬಾಕಿ ಉಳಿಸಿಕೊಂಡು ನೆಲಕ್ಕೆ ಬಿದ್ದು ಏಟು ತಿನ್ನುವವನು ಎಲ್ಲರೂ ಆ ಗೋಡೆಯ ಮೇಲಿದ್ದಾರೆ. ಅದೇ ಹೊಲದ ಬದಿಯಲ್ಲಿ ಇಬ್ಬರು ಹುಡುಗಿಯರು ಒಬ್ಬರ ಕೂದಲು ಒಬ್ಬರು ಹಿಡಿದು ಜಗಳವಾಡುತ್ತಿದ್ದಾರೆ. ಇನ್ನೊಬ್ಬಳು ಗೆಳತಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದಾಳೆ. ಚಿತ್ರಕಾರ ಆ ಹುಡುಗಿಯರನ್ನು ಕಂಡಿದ್ದ, ಅವರಿಗೂ ಜಾಗ ಕೊಟ್ಟ.

ಕಂದಾಯದ ಜೊತೆಗೆ ಇನ್ನೊಂದು ಹೊರೆಯಿತ್ತು, ಸರ್ಕಾರದ ಬಿಟ್ಟಿ ಚಾಕರಿ. ಕಾಲುವೆ ತೋಡಲು, ಕಲ್ಲು ಸಾಗಿಸಲು, ರಾಜನ ಹೊಲ ಉಳಲು ಕರೆ ಬಂದರೆ ಹೋಗಲೇಬೇಕು. ತಪ್ಪಿಸಿಕೊಂಡು ಓಡಿದವರ ಹೆಸರುಗಳ ಸರ್ಕಾರಿ ಪಟ್ಟಿಯೊಂದು ಬ್ರೂಕ್ಲಿನ್ ವಸ್ತುಸಂಗ್ರಹಾಲಯದ ಪಪೈರಸ್‌ನಲ್ಲಿದೆ. ಈ ಚಾಕರಿಯ ಭಯ ಎಷ್ಟಿತ್ತೆಂದರೆ, ಸತ್ತ ಮೇಲೂ ಪರಲೋಕದ ಹೊಲಗಳಲ್ಲಿ ಕರೆ ಬಂದೀತೆಂದು ಜನ ‘ಶಬ್ತಿ’ ಎಂಬ ಪುಟ್ಟ ಬೊಂಬೆಗಳನ್ನು ಜೊತೆಗೆ ಒಯ್ಯುತ್ತಿದ್ದರು. ಸತ್ತವನ ಹೆಸರು ಕೂಗಿದಾಗ ಬೊಂಬೆಯೇ ಎದ್ದು ಓಗೊಟ್ಟು ಕೆಲಸಕ್ಕೆ ಹೋಗಬೇಕು. ಟುಟಂಖಾಮುನ್‌ನ ಗೋರಿಯಲ್ಲಿ ಇಂಥ 413 ಬೊಂಬೆಗಳಿದ್ದವು: ದಿನಕ್ಕೊಬ್ಬನಂತೆ 365 ಕೆಲಸಗಾರರು, ಉಳಿದವರು ಅವರ ಮೇಲಿನ ಮೇಸ್ತ್ರಿಗಳು. ದೇವರೆನಿಸಿಕೊಂಡ ದೊರೆಗೂ ಬಿಟ್ಟಿ ಚಾಕರಿಗೆ ಬದಲಿ ಆಳು ಬೇಕಾಯಿತು, ಆ ಆಳುಗಳಿಗೂ ಮೇಲ್ವಿಚಾರಕರು ಬೇಕಾದರು.

ಪಿರಮಿಡ್ಡುಗಳನ್ನು ಗುಲಾಮರು ಚಾಟಿಯೇಟು ತಿಂದು ಕಟ್ಟಿದರೆಂಬ ನಂಬಿಕೆ ಇಂದಿಗೂ ಬಲವಾಗಿದೆ. ದಾಖಲೆಗಳು ಬೇರೆ ಹೇಳುತ್ತವೆ. 2013ರಲ್ಲಿ ಪಿಯೆರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ, ಬರಹವಿರುವ ಪಪೈರಸ್‌ಗಳಲ್ಲೇ ಅತ್ಯಂತ ಹಳೆಯವು ಸಿಕ್ಕಿದವು. ಖುಫು ದೊರೆಯ ಕೊನೆಯ ವರ್ಷಗಳಲ್ಲಿ ಮೆರೆರ್ ಎಂಬ ಅಧಿಕಾರಿ ಬರೆದ ದಿನಚರಿ ಅವುಗಳಲ್ಲಿದೆ. ಸುಮಾರು 40 ಜನರ ತಂಡದೊಂದಿಗೆ ತುರಾ ಗಣಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಯಲ್ಲಿ ಹೇರಿಕೊಂಡು ಪಿರಮಿಡ್ಡು ಏಳುತ್ತಿದ್ದ ಗಿಜಾಕ್ಕೆ ಹೋದದ್ದು, ರಾತ್ರಿ ಎಲ್ಲಿ ತಂಗಿದ್ದು, ಮರಳಿ ಖಾಲಿ ದೋಣಿ ತಂದದ್ದು ಎಲ್ಲವೂ ದಿನದಿನಕ್ಕೆ ಬರೆದಿದೆ. ಹತ್ತು ದಿನಕ್ಕೆ ಎರಡು ಮೂರು ಖೇಪು. ಮೇಲಧಿಕಾರಿ ಖುಫುವಿನ ಮಲಸಹೋದರ ಅಂಖ್‌ಹಾಫ್. ಅದೇ ಕಟ್ಟಿನಲ್ಲಿ ತಂಡಕ್ಕೆ ಬಂದ ಧಾನ್ಯ, ರೊಟ್ಟಿಗಳ ಲೆಕ್ಕದ ಹಾಳೆಗಳೂ ಇದ್ದವು. ಗಿಜಾದಲ್ಲೇ 1990ರಲ್ಲಿ ಪತ್ತೆಯಾದ ಕೆಲಸಗಾರರ ಸಮಾಧಿಗಳು ಅವರನ್ನು ಗೌರವದಿಂದ ಮಣ್ಣು ಮಾಡಿದ್ದಕ್ಕೆ ಪುರಾವೆ.

ಹಾಗೆಂದು ಗುಲಾಮಗಿರಿ ಇರಲಿಲ್ಲವೆಂದು ಹೇಳಲಾಗದು. ಬ್ರೂಕ್ಲಿನ್‌ನ ಅದೇ ಪಪೈರಸ್‌ನ ಬೆನ್ನಿನ ಮೇಲೆ, ಸೆನೆಬ್ತಿಸಿ ಎಂಬ ಹೆಂಗಸಿನ ವಶಕ್ಕೆ ಬಂದ ಸುಮಾರು 95 ಆಳುಗಳ ಪಟ್ಟಿಯಿದೆ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಪಶ್ಚಿಮ ಏಷ್ಯಾ ಮೂಲದವರು, ಹೆಂಗಸರಲ್ಲಿ ಹಲವರು ನೇಕಾರರು. ಅವರಲ್ಲಿ ಹಲವರಿಗೆ ಹೊಸದಾಗಿ ಈಜಿಪ್ಟಿನ ಹೆಸರು ಇಟ್ಟಿದ್ದರು. ಹೊಸ ಸಾಮ್ರಾಜ್ಯದ ಯುದ್ಧಗಳು ಇಂಥವರ ಸಂಖ್ಯೆಯನ್ನು ಹೆಚ್ಚಿಸಿದವು.

ಒಂದು ಹಳ್ಳಿಯ ಹಾಜರಿ

ಈಜಿಪ್ಟಿನ ಸಾಮಾನ್ಯರನ್ನು ಹೆಸರು ಹಿಡಿದು ಮಾತನಾಡಿಸಲು ಸಾಧ್ಯವಿರುವ ಊರು ಡೇರ್ ಎಲ್-ಮದೀನಾ. ರಾಜರ ಕಣಿವೆಯಲ್ಲಿ ಗೋರಿ ಕೊರೆದು ಚಿತ್ರ ಬರೆಯುತ್ತಿದ್ದ ಕೆಲಸಗಾರರ ಹಳ್ಳಿ ಅದು. ಗೋಡೆಯೊಳಗೆ ಸುಮಾರು 68 ಮನೆ, ನಡುವೆ ಒಂದು ಬೀದಿ. ಕೆಲಸದ ತಂಡಕ್ಕೆ ಹಡಗಿನಂತೆ ಬಲಭಾಗ, ಎಡಭಾಗ. ಎರಡಕ್ಕೂ ಒಬ್ಬೊಬ್ಬ ಮೇಸ್ತ್ರಿ, ಜೊತೆಗೊಬ್ಬ ಲಿಪಿಕಾರ. ಊರಿಗೆ ಬಾವಿಯಿಲ್ಲ. ನೀರು ಹೊರುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಸೌದೆ ತರುವವರು, ಕುಂಬಾರರು ಎಲ್ಲರನ್ನೂ ಸರ್ಕಾರವೇ ನೇಮಿಸಿತ್ತು. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಖಾರ್ ಗೋಧಿ, ಒಂದೂವರೆ ಖಾರ್ ಬಾರ್ಲಿ, ಇಂದಿನ ಅಳತೆಯಲ್ಲಿ ಸುಮಾರು 420 ಲೀಟರ್ ಧಾನ್ಯ. ಮೇಸ್ತ್ರಿಗೆ ಏಳೂವರೆ ಖಾರ್. ದೊಡ್ಡ ಕುಟುಂಬವನ್ನು ಸಾಕಲು ಇದು ಸಾಲುತ್ತಿತ್ತು, ಮಿಕ್ಕದ್ದನ್ನು ಬೇರೆ ಸರಕಿಗೆ ವಿನಿಮಯ ಮಾಡಿಕೊಳ್ಳಬಹುದಿತ್ತು.

ಬ್ರಿಟಿಷ್ ಮ್ಯೂಸಿಯಂನಲ್ಲಿ ಈ ಊರಿನ ಒಂದು ಸುಣ್ಣಕಲ್ಲಿನ ಚಪ್ಪಡಿಯಿದೆ. ಎರಡನೆಯ ರಾಮ್ಸೆಸ್‌ನ 40ನೆಯ ವರ್ಷದ ಹಾಜರಿ ಪಟ್ಟಿ ಅದು. 40 ಕೆಲಸಗಾರರ ಹೆಸರು, ಮುಂದೆ ಅವರು ಕೆಲಸಕ್ಕೆ ಬಾರದ ದಿನಗಳು ಕಪ್ಪು ಶಾಯಿಯಲ್ಲಿ, ಪ್ರತಿ ದಿನದ ಮೇಲೆ ಕಾರಣ ಕೆಂಪು ಶಾಯಿಯಲ್ಲಿ. ಒಬ್ಬನಿಗೆ ಕಣ್ಣು ನೋವು. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬ ತಾಯಿಯ ಶವಕ್ಕೆ ಬಟ್ಟೆ ಸುತ್ತಲು ಹೋಗಿದ್ದಾನೆ. ಒಬ್ಬ ಬಿಯರ್ ತಯಾರಿಸುತ್ತಿದ್ದಾನೆ. ಒಬ್ಬನ ಮನೆಯಲ್ಲಿ ಹೆಂಗಸರು ಮುಟ್ಟಾಗಿದ್ದಾರೆ. ಇನ್ನೂ ಕೆಲವರು ಮೇಸ್ತ್ರಿಯ ಸ್ವಂತ ಕೆಲಸಕ್ಕೆ ಹೋಗಿದ್ದಾರೆ. ಅದನ್ನೂ ಲಿಪಿಕಾರ ಮುಚ್ಚಿಡದೆ ಬರೆದಿದ್ದಾನೆ. ಮೂರು ಸಾವಿರ ವರ್ಷಗಳ ಹಿಂದಿನ ಕೂಲಿಕಾರನೊಬ್ಬನ ಚೇಳಿನ ಕಡಿತ ಇಂದು ನಮಗೆ ತಿಳಿದಿರುವುದು ಆ ಕೆಂಪು ಶಾಯಿಯಿಂದ.

ಊರಿನ ಜಗಳಗಳನ್ನು ಕೆಲಸಗಾರರೇ ಕೂಡಿ ಕೂರುವ ‘ಕೆನ್‌ಬೆತ್’ ಎಂಬ ಪಂಚಾಯಿತಿ ತೀರ್ಮಾನಿಸುತ್ತಿತ್ತು. ಐದನೆಯ ರಾಮ್ಸೆಸ್‌ನ ಮೂರನೆಯ ವರ್ಷ ನೌನಖ್ತೆ ಎಂಬ ಮುದುಕಿ ಅದರ ಮುಂದೆ ಬಂದು ನಿಂತಳು. ತಾನು ಫೇರೋನ ನಾಡಿನ ಸ್ವತಂತ್ರ ಹೆಂಗಸೆಂದು ಹೇಳಿ, ಎಂಟು ಮಕ್ಕಳನ್ನು ಸಾಕಿ ಬೆಳೆಸಿದರೂ ಮುಪ್ಪಿನಲ್ಲಿ ಕೆಲವರು ತನ್ನನ್ನು ನೋಡಿಕೊಳ್ಳಲಿಲ್ಲವೆಂದು ದೂರಿ, ಅವರಿಗೆ ತನ್ನ ಸ್ವಂತ ಆಸ್ತಿಯಲ್ಲಿ ಪಾಲಿಲ್ಲವೆಂದು ಉಯಿಲು ಬರೆಸಿದಳು. ಮಗನೊಬ್ಬನಿಗೆ ಪಾಲಿನ ಜೊತೆಗೆ ಕಂಚಿನ ಬೋಗುಣಿಯೊಂದನ್ನೂ ಕೊಟ್ಟಳು. ಈಜಿಪ್ಟಿನಲ್ಲಿ ಹೆಂಗಸರಿಗೆ ಆಸ್ತಿ ಹೊಂದುವ, ಮಾರುವ, ನ್ಯಾಯಾಲಯಕ್ಕೆ ಹೋಗುವ ಹಕ್ಕಿತ್ತು ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಮಾತ್ರ ಹೆಂಗಸರು ಅಪರೂಪ.

ಇಪ್ಪತ್ತೊಂಬತ್ತನೆಯ ವರ್ಷ

ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೆಯ ವರ್ಷ, ಸುಮಾರು ಕ್ರಿ.ಪೂ. 1157. ಚಳಿಗಾಲದ ಎರಡನೆಯ ತಿಂಗಳ ಹತ್ತನೆಯ ದಿನ. ಡೇರ್ ಎಲ್-ಮದೀನಾದ ಕೆಲಸಗಾರರು ಕೆಲಸ ಬಿಟ್ಟು, ಕಾವಲಿನ ಐದು ಗೋಡೆಗಳನ್ನು ದಾಟಿ ಹೊರಬಂದರು. ಹಸಿವಾಗಿದೆ, 18 ದಿನ ಕಳೆದವು ಎಂಬುದು ಅವರ ಕೂಗು. ಮೂರನೆಯ ಥುಟ್ಮೋಸ್‌ನ ದೇವಾಲಯದ ಹಿಂದೆ ಹೋಗಿ ಕುಳಿತರು. ಲಿಪಿಕಾರರು, ಮೇಸ್ತ್ರಿಗಳು ಬಂದು ಮರಳಿ ಬನ್ನಿರೆಂದು ಕರೆದರೂ ಏಳಲಿಲ್ಲ. ಮುಂದಿನ ಎರಡು ದಿನಗಳಲ್ಲಿ ಎರಡನೆಯ ರಾಮ್ಸೆಸ್‌ನ ದೇವಾಲಯದ ಒಳಗೇ ಹೊಕ್ಕರು. ಇತಿಹಾಸದಲ್ಲಿ ದಾಖಲಾದ ಮೊದಲ ಮುಷ್ಕರವಿದು.

ಅವರು ದೇವಾಲಯಗಳಿಗೇ ಏಕೆ ಹೋದರು? ಕಣಜಗಳಿದ್ದದ್ದು ಅಲ್ಲಿ. ಅವರ ಮಾತುಗಳನ್ನು ಬರೆದಿಟ್ಟ ಪಪೈರಸ್ ಇಂದು ಇಟಲಿಯ ತೂರಿನ್ ನಗರದ ಈಜಿಪ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಲಿಪಿಕಾರ ಅಮೆನ್‌ನಖ್ತ್ ಆ ಊರಿನವನೇ. ಹಸಿವು ಬಾಯಾರಿಕೆ ತಮ್ಮನ್ನು ಇಲ್ಲಿಗೆ ತಂದಿತು. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ಫೇರೋಗೆ ಬರೆಯಿರಿ, ವಜೀರನಿಗೆ ಬರೆಯಿರಿ ಎಂದು ಅವರು ಹೇಳಿದರು. ಯಾರ ಮೇಲೂ ಕೈ ಮಾಡಲಿಲ್ಲ. ತಮ್ಮ ಬೇಡಿಕೆ ಮೇಲೆ ಹೋಗಲಿ, ಬರಹವಾಗಿ ಹೋಗಲಿ ಎಂದು ಕೇಳಿದರು. ಅಂದು ಹಿಂದಿನ ತಿಂಗಳ ಪಡಿ ಸಿಕ್ಕಿತು.

ಆಮೇಲೂ ಪಡಿ ತಡವಾಯಿತು, ಮುಷ್ಕರ ಮರುಕಳಿಸಿತು. ಕಾವಲು ಪಡೆಯ ಮುಖ್ಯಸ್ಥ ಮೊಂತುಮೋಸೆ ಕೆಲಸಗಾರರ ಪಕ್ಷ ವಹಿಸಿದ್ದು ಗಮನಿಸಬೇಕಾದ ಸಂಗತಿ. ಹೆಂಡತಿ ಮಕ್ಕಳನ್ನೂ ಕರೆದುಕೊಳ್ಳಿ, ನಾನೇ ಮುಂದೆ ನಡೆದು ಸೇತಿ ದೊರೆಯ ದೇವಾಲಯಕ್ಕೆ ಕರೆದೊಯ್ಯುತ್ತೇನೆ ಎಂದ ಅವನು. ಮತ್ತೊಂದು ಸಲ ಕೆಲಸಗಾರರು, ತಾವು ಹಸಿವಿಗಾಗಿ ಮಾತ್ರ ಬಂದಿಲ್ಲ, ಫೇರೋನ ಈ ಸ್ಥಳದಲ್ಲಿ ಅನ್ಯಾಯ ನಡೆದಿದೆ ಎಂದು ಆರೋಪಿಸಿದರು. ಅನ್ನದ ಕೇಳಿಕೆ ನ್ಯಾಯದ ಕೇಳಿಕೆಯಾಯಿತು. ದೊರೆಯ ಮಹೋತ್ಸವದ ಸಿದ್ಧತೆಗೆ ಓಡಾಡುತ್ತಿದ್ದ ವಜೀರ ‘ತೊ’ ಕೆಲಸಗಾರರ ಬಳಿಗೆ ಬರಲೇ ಇಲ್ಲ. ಕಣಜದಲ್ಲೇ ಏನೂ ಇಲ್ಲ, ಸಿಕ್ಕಷ್ಟು ಕೊಡುತ್ತೇನೆ ಎಂದು ಹೇಳಿ ಕಳಿಸಿ, ಅರ್ಧ ಪಡಿ ಹಂಚಿಸಿದ.

ಇದೇ ದೊರೆ ದೇವಾಲಯಗಳಿಗೆ ಕೊಟ್ಟ ದಾನಗಳ ಪಟ್ಟಿ ಬ್ರಿಟಿಷ್ ಮ್ಯೂಸಿಯಂನ ಹ್ಯಾರಿಸ್ ಪಪೈರಸ್‌ನಲ್ಲಿದೆ. ಅದರ ಉದ್ದ 40 ಮೀಟರಿಗೂ ಹೆಚ್ಚು. ಅವನು ಕಟ್ಟಿಸಿದ ಮೆದಿನೆತ್ ಹಬು ದೇವಾಲಯ ಹಳ್ಳಿಯಿಂದ ನಡೆದು ಹೋಗುವಷ್ಟು ಹತ್ತಿರ. ಅಷ್ಟು ಸಂಪತ್ತು ಅಲ್ಲಿರುವಾಗ ಕಲ್ಲು ಕೊರೆಯುವವನಿಗೆ ತಿಂಗಳ ಪಡಿ ಸಿಗಲಿಲ್ಲ. ಬರವೊಂದನ್ನೇ ಇದಕ್ಕೆ ಕಾರಣವೆಂದು ಹೇಳಿ ಮುಗಿಸಲಾಗದು. ಕಣಜಕ್ಕೂ ಮನೆಗೂ ನಡುವಿನ ಲೆಕ್ಕ ಮುರಿದಿತ್ತು.

ಲೆಕ್ಕ ತಪ್ಪಿದ ಮೇಲೆ

ಮುರಿದ ಲೆಕ್ಕದ ಲಕ್ಷಣಗಳು ಮೇಲಿನಿಂದ ಕೆಳಗಿನವರೆಗೆ ಕಾಣಿಸಿಕೊಂಡವು. ಮೂರನೆಯ ರಾಮ್ಸೆಸ್ ಅಂತಃಪುರದ ಪಿತೂರಿಗೆ ಗುರಿಯಾದ. ಅವನ ಮಮ್ಮಿಯ ಸಿ.ಟಿ. ಸ್ಕ್ಯಾನ್ ಫಲಿತಾಂಶ 2012ರಲ್ಲಿ ಪ್ರಕಟವಾದಾಗ ಕುತ್ತಿಗೆ ಕೊಯ್ದಿದ್ದು ಖಚಿತವಾಯಿತು. ಪಿತೂರಿಯ ವಿಚಾರಣೆಗೆ ಕೂತ ನ್ಯಾಯಾಧೀಶರಲ್ಲೇ ಕೆಲವರು ಆರೋಪಿ ಹೆಂಗಸರ ಜೊತೆ ಕೂಡಿ ಕುಡಿದು ಸಿಕ್ಕಿಬಿದ್ದು ಮೂಗು ಕಿವಿ ಕೊಯ್ಸಿಕೊಂಡರು. ಮುಂದಿನ ದಶಕಗಳಲ್ಲಿ ಧಾನ್ಯದ ಬೆಲೆ ಹಲವು ಪಟ್ಟು ಏರಿತು.

ಒಂಬತ್ತನೆಯ ರಾಮ್ಸೆಸ್‌ನ 16ನೆಯ ವರ್ಷ ಅಮೆನ್‌ಪ್ನೂಫೆರ್ ಎಂಬ ಕಲ್ಲುಕುಟಿಗ ಕೊಟ್ಟ ತಪ್ಪೊಪ್ಪಿಗೆ ಪಪೈರಸ್‌ನಲ್ಲಿ ಉಳಿದಿದೆ. ಸೊಬೆಕೆಮ್‌ಸಾಫ್ ದೊರೆಯ ಗೋರಿಯನ್ನು ಜೊತೆಗಾರರೊಂದಿಗೆ ಒಡೆದು, ದೊರೆ ರಾಣಿಯರ ಮೈಮೇಲಿನ ಚಿನ್ನ ಕಿತ್ತು, ಶವಪೆಟ್ಟಿಗೆಗಳಿಗೆ ಬೆಂಕಿಯಿಟ್ಟದ್ದಾಗಿ ಅವನು ಒಪ್ಪಿಕೊಂಡ. ಎಂಟು ಜನರಿಗೆ ತಲಾ 20 ದೆಬೆನ್ ಚಿನ್ನ, ಅಂದರೆ ಸುಮಾರು 1.8 ಕಿಲೊ ಪಾಲು ಬಂತು. ಆಮೇಲೆ ಸಿಕ್ಕಿಬಿದ್ದಾಗ ಆ ಪಾಲನ್ನು ಖಾಯೆಮೊಪೆ ಎಂಬ ಲಿಪಿಕಾರನ ಕೈಗಿಟ್ಟು ಬಿಡಿಸಿಕೊಂಡ. ಜೊತೆಗಾರರು ಅವನ ನಷ್ಟ ತುಂಬಿಕೊಟ್ಟರು, ಕಳವು ಮುಂದುವರಿಯಿತು. ಕಣಜದ ಲೆಕ್ಕ ಕಾಯಬೇಕಾದ ಲೇಖಣಿಯೇ ಮಾರಾಟಕ್ಕೆ ಬಿದ್ದಿತ್ತು. ಕೆಲವು ದಶಕಗಳಲ್ಲಿ ಹೊಸ ಸಾಮ್ರಾಜ್ಯ ಮುಗಿಯಿತು. ದಕ್ಷಿಣದಲ್ಲಿ ಅಮುನ್‌ನ ಮಹಾ ಅರ್ಚಕರು, ಉತ್ತರದಲ್ಲಿ ತಾನಿಸ್‌ನ ದೊರೆಗಳು ಎಂದು ನಾಡು ಇಬ್ಭಾಗವಾಯಿತು.

ಲಂಚ ಕೊಟ್ಟ ಕಳ್ಳನ ಹೇಳಿಕೆಯನ್ನೂ ಲಂಚ ಪಡೆದವನ ಹೆಸರು ಸಹಿತ ಬರೆದುಕೊಂಡದ್ದು ಇನ್ನೊಬ್ಬ ಲಿಪಿಕಾರ. ಈಜಿಪ್ಟಿನ ಆಡಳಿತದ ಮೇಲಿನ ಗೌರವ ಉಳಿಯಬೇಕಾದದ್ದು ಇಂಥ ಕಡೆ. ತನ್ನ ಸೋಲನ್ನೂ ಅದು ಬರೆದಿಟ್ಟಿತು. ಪಿರಮಿಡ್ಡುಗಳ ಎತ್ತರದಿಂದ ಆ ನಾಗರಿಕತೆಯನ್ನು ಅಳೆಯುವುದು ಅರ್ಧ ಅಳತೆ. ಸರ್ಕಾರವೊಂದರ ಯೋಗ್ಯತೆ ತಿಳಿಯಬೇಕಾದರೆ ಹ್ಯಾರಿಸ್ ಪಪೈರಸ್‌ನ ದಾನದ ಪಟ್ಟಿಯನ್ನೂ ತೂರಿನ್ ಪಪೈರಸ್‌ನ ಹಸಿವಿನ ಮಾತನ್ನೂ ಒಟ್ಟಿಗೆ ಹರಡಿಕೊಂಡು ಓದಬೇಕು.

ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುವ ಅಧ್ಯಾಪಕರಲ್ಲಿ ಕಡೆಯದಾಗಿ ಒಂದು ಕೋರಿಕೆ. ಈಜಿಪ್ಟಿನ ಪಾಠದ ದಿನ ಕರಿಹಲಗೆಯ ಮೇಲೆ ತ್ರಿಕೋನ ಬರೆಯುವುದರ ಜೊತೆಗೆ, ಚೇಳು ಕಚ್ಚಿದ ಕೆಲಸಗಾರನ ಹೆಸರಿರುವ ಆ ಹಾಜರಿ ಪಟ್ಟಿಯನ್ನೂ ಮಕ್ಕಳಿಗೆ ತೋರಿಸಬೇಕು, ಮುಷ್ಕರದ ಕಥೆಯನ್ನೂ ಹೇಳಬೇಕು. ಹಾಜರಿ ಪಟ್ಟಿಯ ಛಾಯಾಚಿತ್ರ ಬ್ರಿಟಿಷ್ ಮ್ಯೂಸಿಯಂನ ಅಂತರ್ಜಾಲ ಸಂಗ್ರಹದಲ್ಲಿ ಯಾರಿಗೂ ನೋಡಲು ಸಿಗುತ್ತದೆ.